ಸಿಳ್ಳೆಗೆ ಕಾಯುವವನು

ಆ ಊರಿನಲ್ಲಿ ಒಂದೇ ಟಾಕೀಸು. ಆ ಟಾಕೀಸಿನಲ್ಲಿ ಒಂದೇ ಸಿನಿಮಾ. ಅದು ಕೆಟ್ಟ ಸಿನಿಮಾ ಎಂಬ ವಿಷಯದಲ್ಲಿ ಊರಿನವರಿಗೆಲ್ಲ ಒಮ್ಮತವಿತ್ತು. ನಲ್ಲಿ ನೀರಿನ ಸರದಿಗೆ, ಬೀದಿಯ ಕಸಕ್ಕೆ, ಯಾರ ಗೋಡೆ ಯಾರ ಜಾಗಕ್ಕೆ ಬಂದಿದೆ ಎಂಬುದಕ್ಕೆ ದಿನಾ ಜಗಳವಾಡುವ ಜನ ಇದೊಂದರಲ್ಲಿ ಮಾತ್ರ ಒಂದೇ ಬಾಯಿ. ಥೂ, ಅದೂ ಒಂದು ಸಿನಿಮಾನಾ, ಎನ್ನುತ್ತಿದ್ದರು. ಹಾಗೆನ್ನುತ್ತಲೇ ಮಧ್ಯಾಹ್ನದ ಊಟ ಮುಗಿಸಿ, ಕೈ ಒರೆಸಿಕೊಂಡು, ಮ್ಯಾಟಿನಿಗೆ ಹೊರಡುತ್ತಿದ್ದರು.

ಸಿನಿಮಾದ ಕಥೆ ಇಷ್ಟೇ. ಒಂದು ಕೆರೆ. ಕೆರೆಯ ದಂಡೆಯ ಮೇಲೆ ಬೀಗ ಜಡಿದ ಒಂದು ಹಾಸ್ಟೆಲ್ಲು. ಹಿಂದೆ ಯಾವಾಗಲೋ ಆ ಕೆರೆಯಲ್ಲಿ ಒಬ್ಬ ಮುಳುಗಿ ಸತ್ತಿದ್ದ. ಅವನು ಉಸಿರಿಗಾಗಿ ಕೈ ಬಡಿಯುತ್ತಿದ್ದಾಗ ದಂಡೆಯ ಮೇಲಿದ್ದವರು ಅದನ್ನು ಈಜಿನ ವರಸೆ ಎಂದುಕೊಂಡು ಸಿಳ್ಳೆ ಹಾಕಿದ್ದರು. ಅವನ ಕಿವಿಗೆ ಬಿದ್ದ ಕೊನೆಯ ಸದ್ದು ಅದು. ಈಗ ಆ ಹಾಸ್ಟೆಲ್ಲಿಗೆ ಹರೆಯದ ಹುಡುಗ ಹುಡುಗಿಯರು ರಜೆ ಕಳೆಯಲು ಬರುತ್ತಾರೆ. ಬೀಗ ಒಡೆಯುತ್ತಾರೆ, ಹಾಡುತ್ತಾರೆ, ಒಬ್ಬರನ್ನೊಬ್ಬರು ನೀರಿಗೆ ತಳ್ಳುತ್ತಾರೆ. ಮುಖದ ತುಂಬ ಪಾಚಿ, ಕೈಯಲ್ಲಿ ಮಚ್ಚು, ಸತ್ತವನು ಕೆರೆಯಿಂದ ಎದ್ದು ಬರುತ್ತಾನೆ. ಬಂದು ಒಬ್ಬೊಬ್ಬರನ್ನೇ ಹಿಡಿಯುತ್ತಾನೆ.

ಆದರೆ ಅವನಿಗೆ ಸ್ವಂತ ಬಲವಿಲ್ಲ. ಆ ಊರಿನ ಕಟ್ಟಳೆಯೇ ಅದು. ಅವನು ಮಚ್ಚು ಎತ್ತುತ್ತಾನೆ. ಎತ್ತಿ ನಿಲ್ಲುತ್ತಾನೆ. ನಿಂತು, ಪರದೆಯಿಂದ ಈಚೆಗೆ, ಕುರ್ಚಿಗಳಲ್ಲಿ ಕೂತ ಜನರ ಕಡೆಗೆ ಮುಖ ತಿರುಗಿಸುತ್ತಾನೆ. ಸಿಳ್ಳೆ ಬಿದ್ದರೆ ಮಚ್ಚು ಬೀಳುತ್ತದೆ. ಸಿಳ್ಳೆ ಬೀಳದಿದ್ದರೆ ಮಚ್ಚು ಬೀಳುವುದಿಲ್ಲ.

ಇದೇನೂ ಗುಟ್ಟಲ್ಲ. ಪ್ರತಿ ಆಟ ಶುರುವಾಗುವ ಮೊದಲು ಪರದೆಯ ಯಜಮಾನ ದೀಪದ ಕೆಳಗೆ ಬಂದು ನಿಂತು, ಕೈ ಮುಗಿದು, ಕಟ್ಟಳೆಯನ್ನು ಗಟ್ಟಿಯಾಗಿ ಹೇಳುತ್ತಿದ್ದ. "ಸಿಳ್ಳೆ ಬಿದ್ದರೆ ಮಚ್ಚು ಬೀಳುತ್ತದೆ. ಸಿಳ್ಳೆ ಬೀಳದಿದ್ದರೆ ಮಕ್ಕಳು ನಡೆದು ಬರುತ್ತಾರೆ. ಪರದೆಯ ಹಿಂದೆ ಬಾಗಿಲಿದೆ. ಹೊಸ್ತಿಲು ದಾಟಿದವರು ನಿಮ್ಮವರು. ದಾಟುವವರೆಗೆ ಅವರು ಅವನವರು. ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು." ಅವನು ಇದನ್ನು ಹೇಳುವಾಗ ಜನ ಕಡಲೆಕಾಯಿ ಸುಲಿಯುತ್ತಿದ್ದರು, ಕಾಲು ಚಾಚಲು ಜಾಗ ನೋಡುತ್ತಿದ್ದರು, ಮುಂದೆ ಕೂತವನ ತಲೆ ಅಡ್ಡ ಬರುತ್ತದೆಂದು ಗೊಣಗುತ್ತಿದ್ದರು. ಬೀಡಿ ಸಿಗರೇಟಿನ ಎಚ್ಚರಿಕೆಯನ್ನು ಬೇರೆ ಊರಿನವರು ಕೇಳಿಸಿಕೊಳ್ಳುವಷ್ಟೇ ಶ್ರದ್ಧೆಯಿಂದ ಇವರು ಇದನ್ನು ಕೇಳಿಸಿಕೊಳ್ಳುತ್ತಿದ್ದರು.

ಪರದೆಯ ಮೇಲಿನ ಮಕ್ಕಳು ಯಾರೆಂದು ಕೇಳುತ್ತೀರಾ? ಆ ಊರಿನವರೇ. ಹದಿನೇಳು ತುಂಬಿದ ಹುಡುಗನೋ ಹುಡುಗಿಯೋ ಇದ್ದ ಮನೆಗೆ ಯಜಮಾನ ವೀಳ್ಯದ ತಟ್ಟೆ ತರುತ್ತಿದ್ದ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಹಳೆಯ ಪರದೆಯಿಂದ ಕತ್ತರಿಸಿದ ಒಂದು ತುಂಡು ಬಿಳಿ ಬಟ್ಟೆ. ತಟ್ಟೆ ಬಂದ ಮನೆಯವರು ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ನಮ್ಮ ಹುಡುಗಿ ಸಿನಿಮಾದಲ್ಲಿದ್ದಾಳೆ ಕಣ್ರೀ, ಎನ್ನುತ್ತಿದ್ದರು. ಪರದೆಯ ಹಿಂದಿನ ಚಿಕ್ಕ ಬಾಗಿಲಿನಿಂದ ಒಳಗೆ ಹೋದ ಮಕ್ಕಳು ಆಟಕ್ಕೊಮ್ಮೆ ಸಾಯುತ್ತಿದ್ದರು, ಮರುದಿನದ ಆಟಕ್ಕೆ ಏಳುತ್ತಿದ್ದರು. ಏಳುವಾಗ ಪ್ರತಿಸಲ ಒಂಚೂರು ಬಣ್ಣ ಕಳೆದುಕೊಳ್ಳುತ್ತಿದ್ದರು. ಒಗೆದು ಒಗೆದು ಸವೆದ ಸೀರೆಯ ಹಾಗೆ ಅವರ ಕೆನ್ನೆಯ ಮೂಲಕ ಹಿಂದಿನ ಗೋಡೆ ಕಾಣಿಸತೊಡಗಿದರೆ, ಇನ್ನು ಅವರಿಗೆ ಹೆಚ್ಚು ಆಟ ಉಳಿದಿಲ್ಲ ಎಂದರ್ಥ. ಆಮೇಲೆ ಅವರು ಏಳುತ್ತಿರಲಿಲ್ಲ. ಆಮೇಲೆ ಬೇರೆ ಮನೆಗೆ ತಟ್ಟೆ ಹೋಗುತ್ತಿತ್ತು.

ಆ ಮಕ್ಕಳಿಗೆ ಪರದೆಯ ಮೇಲೆ ಹೆಸರಿರಲಿಲ್ಲ. ಸಾಯುವ ರೀತಿಯೇ ಹೆಸರು. ಬಾವಿಯವನು, ಕನ್ನಡಿಯವಳು, ಮೆಟ್ಟಿಲಿನವನು. ಪಕ್ಕದ ಮನೆಯಲ್ಲಿ ಆಡಿ ಬೆಳೆದ ಮಗುವಾದರೂ ಒಳಗೆ ಹೋದ ಮೇಲೆ ಬಾವಿಯವನೇ. ಹಾಗೆ ಕರೆದರೆ ಸಿಳ್ಳೆ ಹಾಕುವುದು ಸಲೀಸು. ಆ ಊರಿನವರಿಗೆ ಬುದ್ಧಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ; ಇಂಥದಕ್ಕೆ ಬೇಕಾದಷ್ಟು ಇತ್ತು.

ಕೊನೆಗೆ ಸಾಯುವವಳನ್ನು ಚಪ್ಪಲಿಯವಳು ಎನ್ನುತ್ತಿದ್ದರು. ಅವಳು ಹಾಸ್ಟೆಲ್ಲಿನಿಂದ ತಪ್ಪಿಸಿಕೊಂಡು, ದಂಡೆಯ ಮೇಲೆ ಓಡಿ, ಇನ್ನೇನು ರಸ್ತೆ ಸೇರಬೇಕು, ಅಷ್ಟರಲ್ಲಿ ಕಾಲಿನಿಂದ ಒಂದು ಚಪ್ಪಲಿ ಜಾರುತ್ತಿತ್ತು. ಅವಳು ನಿಲ್ಲುತ್ತಿದ್ದಳು. ಹಿಂದೆ ತಿರುಗುತ್ತಿದ್ದಳು. ಚಪ್ಪಲಿ ಎತ್ತಿಕೊಳ್ಳಲು ವಾಪಸ್ ಬರುತ್ತಿದ್ದಳು. ಹಾಲ್ ಪೂರ್ತಿ ಬಿದ್ದು ಬಿದ್ದು ನಗುತ್ತಿತ್ತು. "ಲೇ ದಡ್ಡಿ, ಜೀವಕ್ಕಿಂತ ಚಪ್ಪಲಿ ಹೆಚ್ಚಾಯ್ತೇನೇ?" ಎಂದು ಬಾಲ್ಕನಿಯಿಂದ ಕೂಗುತ್ತಿದ್ದರು. ಅಷ್ಟರಲ್ಲಿ ಸತ್ತವನು ಮಚ್ಚು ಎತ್ತಿ ಜನರ ಕಡೆ ತಿರುಗುತ್ತಿದ್ದ. ನಗುತ್ತಿದ್ದ ಬಾಯಿಗಳೇ ಸಿಳ್ಳೆ ಹಾಕುತ್ತಿದ್ದವು.

ಅವಳು ಯಾಕೆ ವಾಪಸ್ ಬರುತ್ತಾಳೆಂದು ಇಡೀ ಹಾಲಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳ ತಾಯಿಗೆ. ತಟ್ಟೆ ಬಂದ ದಿನ ತಾಯಿ ಮಗಳಿಗೆ ಕೆಂಪು ಪಟ್ಟಿಯ ಹೊಸ ಚಪ್ಪಲಿ ತಂದುಕೊಟ್ಟು, ಬಾಗಿಲಲ್ಲಿ ನಿಂತು ಹೇಳಿದ್ದಳು: "ಹೊಸ ಚಪ್ಪಲಿ ಕಣೇ ಕೇತಕಿ. ಕಳ್ಕೊಂಡು ಬಂದ್ರೆ ನೋಡು ಮತ್ತೆ." ಮಗಳು ವಿಧೇಯಳು. ಹೇಳಿದ ಮಾತು ಮೀರುವವಳಲ್ಲ. ಆಟಕ್ಕೊಮ್ಮೆ ನಿಂತು, ಆಟಕ್ಕೊಮ್ಮೆ ತಿರುಗಿ, ತಾಯಿ ಹೇಳಿದಂತೆ ಚಪ್ಪಲಿಗೆ ಬಗ್ಗುತ್ತಿದ್ದಳು.

ಆ ತಾಯಿಯನ್ನೂ ನಾನು ಸುಮ್ಮನೆ ಬಿಡುವುದಿಲ್ಲ. ಅವಳೂ ಸಕ್ಕರೆ ಹಂಚಿದವಳೇ. ಮೊದಮೊದಲು ಹೊಸ ಸೀರೆ ಉಟ್ಟು, ಅಕ್ಕಪಕ್ಕದವರನ್ನು ಕರೆದುಕೊಂಡು ಹೋಗಿ, ಅಗೋ ಬಂದಳು, ಅಗೋ ನಮ್ಮೋಳು, ಎಂದು ತೋರಿಸಿದವಳೇ. ಬಾವಿಯವನಿಗೆ ಸಿಳ್ಳೆ ಬಿದ್ದಾಗ ಅವಳೂ ಎಲ್ಲರ ಜೊತೆ ನಕ್ಕಿದ್ದಳು. ಒಂದು ದಿನ ಮಗಳ ಕೆನ್ನೆಯ ಮೂಲಕ ಕೆರೆಯ ನೀರು ಕಾಣಿಸಿತು. ಮಾರನೆಯ ದಿನ ಹಣೆಯ ಮೂಲಕವೂ ಕಾಣಿಸಿತು. ಆಗ ತಾಯಿಯ ನಗು ನಿಂತಿತು. ಪ್ರತಿ ಆಟಕ್ಕೂ ಯಜಮಾನ ಹೇಳುತ್ತಿದ್ದ ಕಟ್ಟಳೆ ಅವಳ ಕಿವಿಗೆ ಮೊದಲ ಸಲ ಬಿದ್ದದ್ದು ಆವತ್ತು.

ಅವಳು ಮನೆಮನೆಗೆ ಹೋದಳು.

"ಇವತ್ತು ಒಂದು ಆಟ ನಮ್ಮ ಕೇತಕಿಗೆ ಸಿಳ್ಳೆ ಹಾಕಬೇಡಿ ಕಣಕ್ಕಾ. ಉಳಿದವರಿಗೆ ಹಾಕ್ಕೊಳ್ಳಿ, ನಾನು ಬೇಡ ಅನ್ನಲ್ಲ. ಅವಳು ಬಾಗಿಲು ದಾಟೋವರ್ಗೆ ಮಾತ್ರ."

"ಯಾರು ಕೇತಕಿ?" ಎಂದಳು ನೆರೆಮನೆಯಾಕೆ.

"ಚಪ್ಪಲಿಯವಳು."

"ಓ, ಅವಳಾ! ಅಯ್ಯೋ, ನಾವೆಲ್ಲಿ ಸಿಳ್ಳೆ ಹಾಕ್ತೀವಿ ಹೇಳು. ಆ ದರಿದ್ರ ಸಿನಿಮಾ ನೋಡೋದೇ ಹೆಚ್ಚು, ಅದಕ್ಕೆ ಸಿಳ್ಳೆ ಬೇರೆ. ಹಾಕೋರೆಲ್ಲ ಮುಂದಿನ ಬೆಂಚಿನವರು ಕಣೇ."

ಮುಂದಿನ ಬೆಂಚಿನವರ ಹತ್ತಿರ ಹೋದಳು. ಅವರು ಬೀಡಿ ಕೆಳಗೆ ಹಾಕಿ ತುಳಿದು, "ನಾವಾ? ನಮಗೆ ಆ ಸಿನಿಮಾ ಅಂದ್ರೆ ವಾಕರಿಕೆ ಬರುತ್ತೆ ಕಣಮ್ಮಾ. ಸಿಳ್ಳೆ ಬರೋದು ಬಾಲ್ಕನಿಯಿಂದ," ಎಂದರು. ಬಾಲ್ಕನಿಯವರು ಅವಳನ್ನು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟರು. ಕೊಟ್ಟು ಹೇಳಿದರು: "ನಾವು ಸುಮ್ನೆ ಟೈಮ್ ಪಾಸ್‌ಗೆ ಹೋಗೋದು. ಜನ ಎಷ್ಟು ಕೆಳಮಟ್ಟಕ್ಕೆ ಇಳಿದಿದ್ದಾರೆ ಅಂತ ನೋಡೋದಕ್ಕೆ. ನಮ್ಮನೇಲಿ ಯಾರಿಗೂ ಸಿಳ್ಳೆ ಹಾಕೋಕೇ ಬರಲ್ಲ."

ಹೀಗೆ ಊರು ಸುತ್ತಿ ಬರುವಷ್ಟರಲ್ಲಿ ತಾಯಿಗೆ ತಿಳಿದದ್ದೇನೆಂದರೆ, ಆ ಊರಿನಲ್ಲಿ ಸಿಳ್ಳೆ ಹಾಕುವವರು ಯಾರೂ ಇಲ್ಲ. ಮಗಳು ಮಾತ್ರ ದಿನಾ ಸಾಯುತ್ತಿದ್ದಾಳೆ. ಆದರೂ ಎಲ್ಲರೂ ಮಾತು ಕೊಟ್ಟರು. ಮಾತು ಕೊಡುವುದಕ್ಕೆ ಆ ಊರಿನವರು ಎಂದೂ ಹಿಂದೆಮುಂದೆ ನೋಡಿದವರಲ್ಲ.

ಕೊನೆಗೆ ಅವಳು ನಕ್ಷತ್ರದವನ ಮನೆಗೆ ಹೋದಳು. ಊರಿನಲ್ಲಿ ಸಿನಿಮಾದ ಯೋಗ್ಯತೆ ಹೇಳುವವನು ಅವನು. ಆಟ ಬಿಟ್ಟ ಮೇಲೆ ಟಾಕೀಸಿನ ಕಾಂಪೌಂಡ್ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ನಕ್ಷತ್ರ ಬಿಡಿಸುತ್ತಿದ್ದ. ಐದು ಬಿಡಿಸಿದರೆ ಅಪ್ಪಟ ಸಿನಿಮಾ. ಅವನು ಬಿಡಿಸುತ್ತಿದ್ದದ್ದು ಯಾವಾಗಲೂ ಒಂದೂವರೆ. ಆ ಅರ್ಧ ನಕ್ಷತ್ರವನ್ನು ಬಿಡಿಸುವಾಗ ಅವನ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು, ಅದನ್ನು ನೋಡುವುದಕ್ಕೇ ಒಂದಷ್ಟು ಜನ ಕಾದು ನಿಲ್ಲುತ್ತಿದ್ದರು. ಒಂದು ಆಟವನ್ನೂ ತಪ್ಪಿಸಿದವನಲ್ಲ.

"ನೋಡಮ್ಮಾ," ಎಂದ ಅವನು, ಅವಳು ಹೇಳಿದ್ದನ್ನೆಲ್ಲ ಕೇಳಿ, "ನಿನ್ನ ಮಗಳದು ತಪ್ಪಲ್ಲ, ಪಾತ್ರದ್ದು. ಆ ಹುಡುಗಿಗೆ ವಾಪಸ್ ಬರೋದಕ್ಕೆ ಒಂದು ಕಾರಣವೇ ಇಲ್ಲ. ಚಪ್ಪಲಿಗೋಸ್ಕರ ಯಾರಾದ್ರೂ ಸಾಯ್ತಾರಾ? ನಂಬೋ ಹಾಗಿಲ್ಲ."

"ಕಾರಣ ಇದೆ ಸ್ವಾಮಿ. ನಾನು ಅವಳಿಗೆ..."

"ಅದು ಸಿನಿಮಾದಲ್ಲಿ ಬರಬೇಕಲ್ಲ? ನಿನ್ನ ಮನೇಲಿ ಏನು ನಡೀತು ಅನ್ನೋದು ನೋಡೋರಿಗೆ ಯಾಕೆ?"

ತಾಯಿ ಅವನ ಕಾಲಿಗೆ ಬಿದ್ದಳು. ಅವನಿಗೆ ಮುಜುಗರವಾಯಿತು, ಅದು ನಿಜ. "ಏಳಮ್ಮಾ, ಏಳು. ನಾನು ಸಿಳ್ಳೆ ಹಾಕೋ ಜಾತಿಯವನಾ? ಆ ಸಿನಿಮಾನ ನನ್ನಷ್ಟು ದ್ವೇಷಿಸೋನು ಈ ಊರಲ್ಲಿ ಇನ್ನೊಬ್ಬ ಇಲ್ಲ. ನನ್ನಿಂದ ನಿನ್ನ ಮಗಳಿಗೆ ಯಾವ ಅಪಾಯಾನೂ ಇಲ್ಲ," ಎಂದ. ತಾಯಿಗೆ ಸಮಾಧಾನವಾಯಿತು. ಮೆಚ್ಚುವವರಿಗೆ ಹೆದರಬೇಕು, ಮೆಚ್ಚದವರಿಗೆ ಯಾಕೆ ಹೆದರಬೇಕು ಎಂದುಕೊಂಡಳು ಪಾಪ.

ಆವತ್ತಿನ ಮ್ಯಾಟಿನಿಗೆ ಹಾಲ್ ತುಂಬಿ ತುಳುಕಿತು. ಸಿಳ್ಳೆ ಹಾಕದಿದ್ದರೆ ಏನಾಗುತ್ತದೆಂದು ನೋಡುವ ಆಸೆ ಎಲ್ಲರಿಗೂ. ಯಜಮಾನ ಬಂದು ಕಟ್ಟಳೆ ಹೇಳಿದ. ದೀಪ ಆರಿತು. ಕೆರೆ ಬಂತು, ಹಾಸ್ಟೆಲ್ ಬಂತು, ಹಾಡು ಬಂತು. ಬಾವಿಯವನಿಗೆ ಸಿಳ್ಳೆ ಬಿತ್ತು, ಅವನು ಸತ್ತ. ಕನ್ನಡಿಯವಳಿಗೆ ಬಿತ್ತು, ಅವಳು ಸತ್ತಳು. ಮೆಟ್ಟಿಲಿನವನಿಗೆ ಎಂದಿಗಿಂತ ಜೋರಾಗಿಯೇ ಬಿತ್ತು. ಮುಂದೆ ಹಾಕುವ ಹಾಗಿಲ್ಲವಲ್ಲ, ಈಗಲೇ ಹಾಕಿಬಿಡೋಣ ಎಂಬಂತೆ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವರೆಲ್ಲರಿಗೂ ತಾಯಂದಿರಿದ್ದರು. ಅವರೂ ಹಾಲಿನಲ್ಲೇ ಇದ್ದರು.

ಚಪ್ಪಲಿಯವಳು ಓಡಿದಳು. ಚಪ್ಪಲಿ ಜಾರಿತು. ನಿಂತಳು, ತಿರುಗಿದಳು, ಬಗ್ಗಿದಳು. ಸತ್ತವನು ಅವಳ ಹಿಂದೆ ಬಂದು ಮಚ್ಚು ಎತ್ತಿದ. ಪಾಚಿ ಮೆತ್ತಿದ ಮುಖವನ್ನು ಜನರ ಕಡೆ ತಿರುಗಿಸಿದ.

ಯಾರೂ ಸಿಳ್ಳೆ ಹಾಕಲಿಲ್ಲ.

ಅವನು ಕಾದ. ಫ್ಯಾನಿನ ಸದ್ದು ಕೇಳಿಸುವಷ್ಟು ನಿಶ್ಶಬ್ದ. ಆಮೇಲೆ ಆ ಊರಿನಲ್ಲಿ ಯಾರೂ ಎಂದೂ ನೋಡದ ಸಿನಿಮಾ ಶುರುವಾಯಿತು. ಹುಡುಗಿ ಚಪ್ಪಲಿ ಎತ್ತಿಕೊಂಡಳು. ಅದರ ಕೆಂಪು ಪಟ್ಟಿ ಕಿತ್ತಿತ್ತು. ದಂಡೆಯ ಕಲ್ಲಿನ ಮೇಲೆ ಕೂತು, ಲಂಗದಿಂದ ಸೇಫ್ಟಿ ಪಿನ್ ತೆಗೆದು, ಪಟ್ಟಿಯನ್ನು ಸರಿಮಾಡಿದಳು. ಪಿನ್ನು ಬೆರಳಿಗೆ ಚುಚ್ಚಿತು, ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಚಪ್ಪಲಿ ಹಾಕಿಕೊಂಡು ಎದ್ದು, ರಸ್ತೆ ಹಿಡಿದು ನಡೆದಳು. ಅವಳ ಬೆನ್ನ ಹಿಂದೆ ಸತ್ತವನೂ ನಡೆದ, ಎತ್ತಿದ ಮಚ್ಚು ಎತ್ತಿದಂತೆಯೇ, ಮುಖ ಜನರ ಕಡೆಗೇ. ಅವಳು ಹುಣಸೆಮರದ ಕೆಳಗೆ ನಿಂತು ಒಂದು ಕಾಯಿ ಆರಿಸಿ ಕಚ್ಚಿದಳು, ಹುಳಿಗೆ ಕಣ್ಣು ಮುಚ್ಚಿದಳು. ಮತ್ತೆ ನಡೆದಳು. ರಸ್ತೆಯ ತುದಿಯಲ್ಲಿ, ಇನ್ನೂ ಸಾಸಿವೆಯಷ್ಟು ಸಣ್ಣದಾಗಿ, ಬಾಗಿಲು ಕಾಣಿಸಿತು.

ತಾಯಿ ಅಳುತ್ತಿದ್ದಳು, ನಗುತ್ತಿದ್ದಳು. ಮಗಳು ಹೀಗೆ ನಡೆದದ್ದನ್ನು ನೋಡಿ ಎಷ್ಟು ಕಾಲವಾಗಿತ್ತು. ಎಡಗಾಲು ಸ್ವಲ್ಪ ಒಳಗೆ ತಿರುಗಿಸಿ ನಡೆಯುತ್ತಾಳೆ, ಚಿಕ್ಕವಳಿದ್ದಾಗಿನಿಂದಲೂ ಹಾಗೆ. ಅದನ್ನು ತಾಯಿ ಮರೆತೇಬಿಟ್ಟಿದ್ದಳು.

ಹಾಲಿನಲ್ಲಿ ಮಾತ್ರ ಕುರ್ಚಿಗಳು ಕಿರುಗುಟ್ಟತೊಡಗಿದವು.

"ಇನ್ನೂ ಎಷ್ಟು ದೂರ ನಡೀತಾಳಂತೆ?" ಎಂದು ಒಬ್ಬ.

"ಸುಮ್ನಿರ್ರೀ, ಮಾತು ಕೊಟ್ಟಿದೀವಿ," ಎಂದು ಇನ್ನೊಬ್ಬಳು, ಆಕಳಿಸುತ್ತ.

"ಮಾತು ಕೊಟ್ಟಿದೀವಿ ಸರಿ. ಆದ್ರೆ ಒಂದು ಹಾಡಾದ್ರೂ ಬೇಡ್ವಾ?"

ಹುಡುಗಿ ನಡೆದಳು. ಬಾಗಿಲು ದೊಡ್ಡದಾಯಿತು. ಅದರ ಚಿಲಕ ಕಾಣಿಸಿತು. ತಾಯಿ ಎದ್ದು ನಿಂತಳು. ಮಗಳು ಚಿಲಕಕ್ಕೆ ಕೈ ಚಾಚಿದಳು.

ಆಗ ನಕ್ಷತ್ರದವನು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ತುಟಿಯನ್ನು ಒಂದು ಕಡೆಗೆ ಸೊಟ್ಟ ಮಾಡಿ, ಸಣ್ಣಗೆ, ಬೇಸರದಿಂದ, ಕೆಟ್ಟ ಸಾರು ಬಡಿಸಿದವರನ್ನು ನೋಡುವಂತೆ ಪರದೆಯನ್ನು ನೋಡುತ್ತ, ಒಂದು ಸಿಳ್ಳೆ ಹಾಕಿದ. ಹುರಿದುಂಬಿಸುವ ಸಿಳ್ಳೆಯಲ್ಲ. ಸಾಕು ನಿಲ್ಲಿಸಿ ಎನ್ನುವ ಸಿಳ್ಳೆ, ಹಳಿಯುವ ಸಿಳ್ಳೆ.

ನೀರಲ್ಲಿ ಮುಳುಗಿ ಸತ್ತವನಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ಅವನಿಗೆ ಸಿಳ್ಳೆ ಕೇಳಿಸಿತು. ಮಚ್ಚು ಬಿತ್ತು. ಮರುದಿನದ ಆಟಕ್ಕೆ ಕೇತಕಿ ಏಳಲಿಲ್ಲ.

ಸಿಳ್ಳೆ ಬಿದ್ದ ಆ ದಿನವೇ, ಆಟ ಬಿಟ್ಟಾಗ, ತಾಯಿ ಗೋಡೆಯ ಹತ್ತಿರ ಬಂದಿದ್ದಳು. ನಕ್ಷತ್ರದವನು ಸುಣ್ಣದ ಕಡ್ಡಿ ಹಿಡಿದು ನಿಂತಿದ್ದ.

"ಯಾಕೆ ಹಾಕಿದ್ರಿ ಸ್ವಾಮಿ?"

"ಅದು ನೀನು ಅಂದ್ಕೊಂಡಂಥ ಸಿಳ್ಳೆ ಅಲ್ಲಮ್ಮಾ," ಎಂದ ಅವನು ತಾಳ್ಮೆಯಿಂದ. "ಕಥೇನ ಎಳೀತಾ ಇದ್ರು, ಅದಕ್ಕೆ ಹಾಕಿದೆ. ಚೆನ್ನಾಗಿಲ್ಲ ಅಂತ ಹೇಳೋದಕ್ಕೆ ಹಾಕಿದೆ. ನನ್ನ ಅಭಿಪ್ರಾಯ ಹೇಳೋ ಸ್ವಾತಂತ್ರ್ಯ ನನಗಿಲ್ವಾ?"

ಜನ ಅವನ ಸುತ್ತ ನೆರೆದಿದ್ದರು. ಮಧ್ಯದಲ್ಲಿ ತುಂಬ ನಿಧಾನ ಎಂದರು. ಹುಣಸೆಕಾಯಿ ಸೀನು ಬೇಕಿರಲಿಲ್ಲ ಎಂದರು. ಆದರೆ ಕ್ಲೈಮ್ಯಾಕ್ಸ್ ಮಾತ್ರ ಸೂಪರ್, ಬಾಗಿಲ ಹತ್ತಿರ ಹೋದಾಗ ಮಚ್ಚು ಬೀಳುತ್ತದೆಂದು ಯಾರೂ ಊಹಿಸಿರಲಿಲ್ಲ ಎಂದರು. ನಕ್ಷತ್ರದವನು ಯೋಚಿಸಿ, ಎಂದೂ ಇಲ್ಲದಂತೆ ಎರಡೂವರೆ ಬಿಡಿಸಿದ. ಜನ ಚಪ್ಪಾಳೆ ತಟ್ಟಿದರು. ಮೆಟ್ಟಿಲಿನವನ ತಾಯಿಯೂ ತಟ್ಟಿದಳು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಯಜಮಾನ ವೀಳ್ಯದ ತಟ್ಟೆ ಹಿಡಿದು ನಕ್ಷತ್ರದವನ ಮನೆಯ ಜಗಲಿ ಹತ್ತಿದ. ಆ ಮನೆಯಲ್ಲಿ ಹದಿನೇಳು ತುಂಬಿದ ಮಗಳಿದ್ದಳು. ನಕ್ಷತ್ರದವನ ಮುಖ ಒಂದು ಗಳಿಗೆ ಬಿಳುಚಿತು. ಅಪ್ಪನಲ್ಲವೇ, ಅಷ್ಟಾದರೂ ಬಿಳುಚದಿದ್ದರೆ ಹೇಗೆ. ಆಮೇಲೆ ಅವನು ಕೇಳಿದ ಪ್ರಶ್ನೆ ಇದು:

"ಎಷ್ಟನೇ ಸಾವು?"

"ಕೊನೇದು," ಎಂದ ಯಜಮಾನ. "ಚಪ್ಪಲಿಯವಳ ಜಾಗ ಖಾಲಿ ಇದೆಯಲ್ಲ. ನಿಮ್ಮ ಮನೆತನಕ್ಕೆ ಮೊದಲನೇದು ಎರಡನೇದು ಕೊಡೋಕಾಗುತ್ತಾ?"

ನಕ್ಷತ್ರದವನು ಬೇಡವೆನ್ನಲಿಲ್ಲ. ಬೇಡವೆಂದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಬೇಡವೆಂದರೆ ಏನಾಗುತ್ತದೆಂದು ಯಾರೂ ಕೇಳಿಯೂ ಇರಲಿಲ್ಲ. ಮಗಳನ್ನು ಕರೆದು ಕೂರಿಸಿ, ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟ. "ಓಡುವಾಗ ಹಿಂದೆ ತಿರುಗಬೇಡ. ಚಪ್ಪಲಿ ಹಾಕಿಕೊಳ್ಳಲೇಬೇಡ, ಬರಿಗಾಲಲ್ಲಿ ಹೋಗು. ಕಿರುಚುವಾಗ ಬಾಯಿ ಪೂರ್ತಿ ತೆಗೀಬೇಡ, ಅತಿ ಅನ್ನಿಸುತ್ತೆ." ಮಗಳು ತಲೆಯಾಡಿಸಿ, ಚಿಕ್ಕ ಬಾಗಿಲಿನಿಂದ ಒಳಗೆ ಹೋದಳು. ಹೆಂಡತಿ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಬರಿಗಾಲಿನ ಹುಡುಗಿ ದಂಡೆಯ ಮೇಲೆ ಓಡಿದಳು. ಚಪ್ಪಲಿಯಿಲ್ಲದ ಕಾಲಿಗೆ ಮುಳ್ಳು ಚುಚ್ಚಿತು. ಅವಳು ನಿಂತಳು, ಬಗ್ಗಿ ಮುಳ್ಳು ಕೀಳತೊಡಗಿದಳು. ಮಚ್ಚು ಎದ್ದಿತು. ಹಾಲ್ ಪೂರ್ತಿ ನಕ್ಕಿತು. "ಚಪ್ಪಲಿ ಹಾಕ್ಕೊಂಡು ಬರೋಕೇನಾಗಿತ್ತೇ ನಿನಗೆ?" ಎಂದು ಬಾಲ್ಕನಿಯಿಂದ ಕೂಗಿದರು. ಮಾರನೆಯ ದಿನದಿಂದ ಅವಳು ಮುಳ್ಳಿನವಳು. ದಿನಗಳು ಹೋದವು. ಮುಳ್ಳಿನವಳ ಕೆನ್ನೆಯ ಮೂಲಕ ಕೆರೆಯ ನೀರು ಕಾಣಿಸಿತು.

ಈಗ ನಕ್ಷತ್ರದವನು ಮನೆಮನೆಗೆ ಹೋದ. "ನಾವಾ? ನಾವೆಲ್ಲಿ ಹಾಕ್ತೀವಿ?" ಎಂದರು ಎಲ್ಲರೂ. ಎಲ್ಲರೂ ಮಾತು ಕೊಟ್ಟರು. ಬಾಲ್ಕನಿಯವರು ಕಾಫಿಯನ್ನೂ ಕೊಟ್ಟರು. ಕೊನೆಗೆ ಅವನು ಕೇತಕಿಯ ತಾಯಿಯ ಮನೆಗೆ ಬಂದ. ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಮ್ಮಾ, ನಿನ್ನ ಹತ್ರ ಬರೋಕೆ ನನಗೆ ಮುಖ ಇಲ್ಲ," ಎಂದ ಅವನು. "ಆದ್ರೂ ಬಂದಿದೀನಿ. ನಿನಗೆ ನನ್ನ ಮೇಲೆ ಸಿಟ್ಟಿರುತ್ತೆ. ಇವತ್ತು ಒಂದು ಆಟ ಸಿಳ್ಳೆ ಹಾಕಬೇಡ."

"ನಾನು ಬರೋದೇ ಇಲ್ಲ ಸ್ವಾಮಿ. ಅವಳು ಹೋದ ಮೇಲೆ ನಾನು ಆ ಕಡೆ ಕಾಲಿಟ್ಟಿಲ್ಲ."

ಅವನಿಗೆ ಎದೆ ಹಗುರಾಯಿತು. ಹೊರಡಲು ತಿರುಗಿದ.

"ಒಂದು ಮಾತು," ಎಂದಳು ಅವಳು. "ನಾನು ನನ್ನ ಮಗಳಿಗೆ ಮಾತ್ರ ಕೇಳಿದೆ. ಉಳಿದ ಮಕ್ಕಳಿಗೆ ಹಾಕ್ಕೊಳ್ಳಿ ಅಂದೆ. ಅಷ್ಟು ಹೊತ್ತು ಹಾಕಿ ಹಾಕಿ ಒಗ್ಗಿಹೋದ ಬಾಯಿ, ನನ್ನ ಮಗಳ ಹತ್ರ ಬಂದ ಕೂಡಲೇ ಸುಮ್ಮನಾಗುತ್ತಾ? ನೀವು ಹಾಗೆ ಕೇಳಬೇಡಿ. ಯಾರಿಗೂ ಹಾಕಬೇಡಿ ಅನ್ನಿ. ಅದಕ್ಕಿಂತ, ಹೋಗಲೇಬೇಡಿ. ಯಾರೂ ಹೋಗದಿದ್ರೆ ಸಿಳ್ಳೆ ಎಲ್ಲಿಂದ ಬರುತ್ತೆ? ಹಾಲ್ ಖಾಲಿ ಇದ್ರೆ ಎಲ್ಲ ಮಕ್ಕಳೂ ತಾವೇ ನಡ್ಕೊಂಡು ಬರ್ತಾರೆ."

ನಕ್ಷತ್ರದವನು ಅವಳನ್ನು ನೋಡಿದ. ಅವಳು ಹೇಳಿದ್ದು ಕಿವಿಯವರೆಗೆ ಬಂತು, ಒಳಗೆ ಇಳಿಯಲಿಲ್ಲ. "ಹೋಗದೆ ಹೇಗಮ್ಮಾ?" ಎಂದ. "ನೋಡದೇನೇ ಅದು ಕೆಟ್ಟದ್ದು ಅಂತ ಹೇಳೋದಕ್ಕೆ ಆಗುತ್ತಾ?" ಎಂದು, ಒಳ್ಳೆಯ ಸೀಟು ಸಿಗಲೆಂದು ಬೇಗ ಬೇಗ ಟಾಕೀಸಿನ ಕಡೆ ಹೆಜ್ಜೆ ಹಾಕಿದ.

ತಾಯಿ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟಳು. ಒಳಗೆ ಹೋಗಿ, ಕೇತಕಿ ಮನೆಯಲ್ಲೇ ಬಿಟ್ಟುಹೋಗಿದ್ದ ಹಳೆಯ ಚಪ್ಪಲಿಗಳನ್ನು ಹುಡುಕಿ ತೆಗೆದಳು. ಹಿಮ್ಮಡಿ ಸವೆದಿತ್ತು, ಪಟ್ಟಿ ಗಟ್ಟಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬಿಸಿಲಲ್ಲಿ ನಡೆದು, ಟಾಕೀಸನ್ನು ಬಳಸಿಕೊಂಡು ಹಿಂದಿನ ಓಣಿಗೆ ಬಂದು, ಚಿಕ್ಕ ಬಾಗಿಲಿನ ಹೊಸ್ತಿಲ ಮುಂದೆ ಆ ಚಪ್ಪಲಿಗಳನ್ನು ಜೋಡಿಸಿಟ್ಟಳು. ಬರಿಗಾಲಲ್ಲಿ ಬರುವ ಹುಡುಗಿ. ಓಣಿಯ ಕಲ್ಲು ಕಾದಿರುತ್ತದೆ. ಯಾರ ಮಗಳಾದರೇನು.

ಒಳಗೆ ಬಾವಿಯವನಿಗೆ ಸಿಳ್ಳೆ ಬಿತ್ತು. ಕನ್ನಡಿಯವಳಿಗೆ ಬಿತ್ತು. ಮೆಟ್ಟಿಲಿನವನಿಗೆ ಬಿತ್ತು. ಗೋಡೆಯ ಈಚೆಗೂ ಕೇಳಿಸುವಷ್ಟು ಜೋರಾಗಿಯೇ ಬಿತ್ತು, ತಾಯಿ ಪ್ರತಿಸಲ ಕಣ್ಣು ಮುಚ್ಚಿದಳು. ಆಮೇಲೆ ನಿಶ್ಶಬ್ದ.

ನಕ್ಷತ್ರದವನು ಕುರ್ಚಿಗಳ ಮೊದಲ ಸಾಲಿನ ನಡುವೆ ಕೂತಿದ್ದ. ತನ್ನನ್ನು ತಾನೇ ನಂಬದೆ ಬಾಯಿಯ ತುಂಬ ವೀಳ್ಯದೆಲೆ ತುರುಕಿಕೊಂಡು, ಮೇಲೆ ಟವೆಲ್ಲು ಬಿಗಿದುಕೊಂಡಿದ್ದ. ಪರದೆಯ ಮೇಲೆ ಅವನ ಮಗಳು ಬಗ್ಗಿ ಮುಳ್ಳು ಕೀಳುತ್ತಿದ್ದಳು. ಮಚ್ಚು ಎದ್ದಿತ್ತು, ಪಾಚಿಯ ಮುಖ ಅವನನ್ನೇ ನೋಡುತ್ತಿತ್ತು. ಯಾರೂ ಸಿಳ್ಳೆ ಹಾಕಲಿಲ್ಲ. ಮಗಳು ಮುಳ್ಳು ತೆಗೆದು ಬೆಳಕಿಗೆ ಹಿಡಿದು ನೋಡಿ ಎಸೆದಳು. ಕುಂಟುತ್ತ ನಡೆದಳು. ಕೆರೆಯಲ್ಲಿ ಕಾಲು ತೊಳೆದುಕೊಂಡಳು. ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು, ನಿಧಾನವಾಗಿ, ಒಂದೊಂದೇ ಎಳೆ. ಮತ್ತೆ ಕುಂಟುತ್ತ ನಡೆದಳು. ದೂರದಲ್ಲಿ ಬಾಗಿಲು ಕಾಣಿಸಿತು.

ಅವನು ಮಗಳನ್ನು ನೋಡುತ್ತಿದ್ದ. ಅವಳನ್ನು ಅವನು ಪ್ರೀತಿಸುತ್ತಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ. ಅವಳು ಬದುಕಬೇಕೆಂದು ಅವನಿಗೆ ಎದೆಯಾಳದಿಂದ ಆಸೆಯಿತ್ತು. ಆದರೆ ಅವಳು ನಡೆಯುತ್ತಿದ್ದಳು, ಸುಮ್ಮನೆ ನಡೆಯುತ್ತಿದ್ದಳು, ಬಾಗಿಲು ಇನ್ನೂ ದೂರವಿತ್ತು, ಹಾಡಿರಲಿಲ್ಲ, ರಕ್ತವಿರಲಿಲ್ಲ. ಮತ್ತೂ ಸ್ವಲ್ಪ ದೂರ ನಡೆದಳು.

ಟವೆಲ್ಲಿನ ಒಳಗೆ ಅವನಿಗೆ ಆಕಳಿಕೆ ಬಂತು.

ತಡೆಯಲು ನೋಡಿದ. ಆಗಲಿಲ್ಲ. ದವಡೆ ತೆರೆಯಿತು, ಟವೆಲ್ಲು ಕೆಳಗೆ ಜಾರಿತು, ಎಲೆಯ ಮುದ್ದೆ ಹೊರಗೆ ಬಿತ್ತು, ಕಣ್ಣಲ್ಲಿ ನೀರು ಬರುವಷ್ಟು ದೊಡ್ಡ ಆಕಳಿಕೆ. ಪಕ್ಕದವನು ಅದನ್ನು ನೋಡಿದ. ಹಿಂದಿನ ಸಾಲಿನವರು ನೋಡಿದರು. ಬಾಲ್ಕನಿಯವರು ಬಗ್ಗಿ ನೋಡಿದರು. ಅಪ್ಪನಿಗೇ ಬೋರಾಗಿದೆ, ಇನ್ನು ನಮ್ಮದೇನು, ಎಂದು ಅವರಿಗೆಲ್ಲ ಒಟ್ಟಿಗೆ ಅನ್ನಿಸಿತು. ಎಷ್ಟೋ ಹೊತ್ತಿನಿಂದ ಬಿಗಿಹಿಡಿದ ಬಾಯಿಗಳು ಒಂದು ಹಗುರಾದ ನಿಟ್ಟುಸಿರಿನೊಂದಿಗೆ ಸಡಿಲವಾದವು. ಬೆರಳುಗಳು ತುಟಿಗೆ ಹೋದವು.

ಹೊರಗೆ, ಓಣಿಯಲ್ಲಿ, ತಾಯಿ ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಒಳಗಿನಿಂದ ಕುಂಟು ಹೆಜ್ಜೆಯ ಸದ್ದು ಹತ್ತಿರ ಬರುತ್ತಿತ್ತು. ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಇಡೀ ಊರು ಒಟ್ಟಿಗೆ ಹಾಕಿದ ಸಿಳ್ಳೆ ಕೇಳಿಸಿತು. ಅದಾದ ಮೇಲೆ ಹೆಜ್ಜೆಯ ಸದ್ದಿರಲಿಲ್ಲ.

ಅವಳು ಚಿಲಕದಿಂದ ಕೈ ತೆಗೆದಳು. ಬಗ್ಗಿ ಚಪ್ಪಲಿಗಳನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಕಾಂಪೌಂಡ್ ಗೋಡೆಯ ಆಚೆ ಬದಿಯಲ್ಲಿ ಸುಣ್ಣದ ಕಡ್ಡಿ ಗೀಚುವ ಸದ್ದು ಶುರುವಾಗಿತ್ತು.